ಡಂಪ್ಲಿಂಗ್ ಬೆಂದ ನೀರು

ಮುಂಬೈ ಪಕ್ಕದ ವರ್ತಕ ನಗರದಲ್ಲಿ ಉತ್ತರ ಚೀನಾದ ಅಡುಗೆ ಮಾಡುವ ಒಂದು ಸಣ್ಣ ಹೋಟೆಲು ಶುರುವಾಗಿತ್ತು. ಭಾನುವಾರ ಮಧ್ಯಾಹ್ನ ನಮ್ಮನ್ನು ಅಲ್ಲಿಗೆ ಊಟಕ್ಕೆ ಕರೆದವನು ನನ್ನ ಮಗಳು ಮದುವೆಯಾಗಬೇಕೆಂದಿರುವ ಹುಡುಗ. ಅವನ ಅಪ್ಪ ಕಲಬುರಗಿಯಿಂದ ಬಂದು ಭಿವಂಡಿಯ ಗೋದಾಮುಗಳಲ್ಲಿ ಲೋಡಿಂಗ್ ಕೆಲಸ ಮಾಡಿದವರು. ಇವನು ಈಗ ಅಂಥದೇ ಒಂದು ಗೋದಾಮಿನಲ್ಲಿ ಸೂಪರ್‌ವೈಸರ್. ಅವನನ್ನು ಮನೆಗೆ ಕರೆಯೋಣ ಎಂದು ಹೆಂಡತಿ ಹೇಳಿದಾಗಲೆಲ್ಲ ನಾನು "ನೋಡೋಣ" ಎನ್ನುತ್ತಿದ್ದೆ. ಹುಡುಗನ ಬಗ್ಗೆ ಆಕ್ಷೇಪವೇನೂ ಇರಲಿಲ್ಲ. ಹೊಟ್ಟೆಕಿಚ್ಚಿತ್ತು.

ನಾವು ಉಡುಪಿ ಕಡೆಯವರು, ಮನೆಮಾತು ಕನ್ನಡ. ನಾನು ಕನ್ನಡ ಪತ್ರಿಕೆಯ ಡೆಸ್ಕಿನಲ್ಲಿ ಕೂತು ಬೇರೆಯವರ ಕನ್ನಡ ತಿದ್ದಿ ಸಂಬಳ ಪಡೆಯುವವನು. ಡೊಂಬಿವಲಿಯಲ್ಲಿ ಹುಟ್ಟಿ ಬೆಳೆದ ಮಗಳಿಗೆ ಕನ್ನಡ ಪೂರ್ತಿ ಅರ್ಥವಾಗುತ್ತದೆ. ಉತ್ತರ ಮಾತ್ರ ಹಿಂದಿಯಲ್ಲಿ, ಸಿಟ್ಟು ಬಂದರೆ ಮರಾಠಿಯಲ್ಲಿ. ಕಥೆ ಹೇಳಿ ನೋಡಿದೆ, ಚಾಕಲೇಟು ಕೊಟ್ಟು ನೋಡಿದೆ, ಮಾತು ಬಿಟ್ಟೂ ನೋಡಿದೆ. ಒಂದು ವಾಕ್ಯವೂ ಸಿಗಲಿಲ್ಲ. ಹೀಗಿರುವಾಗ ಒಂದು ಸಂಜೆ ಬಾಲ್ಕನಿಯಲ್ಲಿ ಬಟ್ಟೆ ಒಣಹಾಕುತ್ತಿದ್ದೆ. ಒಳಗೆ ಅವಳು ಫೋನಿನಲ್ಲಿ ಈ ಹುಡುಗನನ್ನು, "ಊಟ ಆಯ್ತೇನು? ಏನ್ ಮಾಡ್ಲಿಕತ್ತಿ?" ಎಂದು ಕೇಳುತ್ತಿದ್ದಳು. ನಾನು ಒಂದೇ ಅಂಗಿಗೆ ನಾಲ್ಕು ಕ್ಲಿಪ್ಪು ಹಾಕಿದೆ.

ನಮಗೆ ಚೈನೀಸ್ ಎಂದರೆ ಸ್ಟೇಷನ್ ಹೊರಗಿನ ಗಾಡಿಯ ಕೆಂಪು ನೂಡಲ್ಸ್. ಇಲ್ಲಿ ಕೆಂಪಗಿನದು ಯಾವುದೂ ಇರಲಿಲ್ಲ. ಬೆಳ್ಳುಳ್ಳಿ, ಕಪ್ಪು ವಿನೆಗರ್ ಹಾಕಿ ಜಜ್ಜಿದ ಸೌತೆಕಾಯಿ ಬಂತು. ಜೀರಿಗೆಯಲ್ಲಿ ಹುರಿದ ಕುರಿಮಾಂಸ ಬಂತು, ಈರುಳ್ಳಿ ಸೊಪ್ಪಿನ ಪದರು ರೊಟ್ಟಿ ಬಂತು. ಆಮೇಲೆ ಡಂಪ್ಲಿಂಗ್: ನಮ್ಮ ಕಡುಬಿನ ಹಾಗೆ ಅಂಚು ಮಡಚಿ, ಹಬೆಯಲ್ಲಲ್ಲ, ಕುದಿಯುವ ನೀರಿನಲ್ಲೇ ಬೇಯಿಸಿದ್ದು. ಒಳಗೆ ಕೋಳಿ ಮತ್ತು ಎಲೆಕೋಸು. ಕಚ್ಚಿದರೆ ರಸ ಗಲ್ಲಕ್ಕಿಳಿಯುತ್ತಿತ್ತು.

"ಛಲೋ ಅದ ಏನ್ರಿ ಕಾಕಾ?" ಹುಡುಗ ಕೇಳಿದ.

"ಪರವಾಗಿಲ್ಲ."

"ಎಂತ ಪರವಾಗಿಲ್ಲ ಮಾರಾಯ್ರೆ," ಎಂದಳು ಹೆಂಡತಿ. "ತಟ್ಟೆ ಖಾಲಿ ಮಾಡಿದ್ದು ಯಾರು ಮತ್ತೆ?"

ಇನ್ನೊಂದು ತಟ್ಟೆ ಬಂತು. ಮಗಳು ಹುಡುಗನಿಗೆ ಬಡಿಸಿ, "ತಗೋ, ನಿನಗ ಭಾಳ ಸೇರ್ತದಲ್ಲ" ಎಂದಳು. ಅದೇ ಉಸಿರಿನಲ್ಲಿ ನನಗೂ ಬಡಿಸಿ, "ಪಪ್ಪಾ, ಆಪ್ ಭೀ ಲೋ ನಾ" ಎಂದಳು. ಡಂಪ್ಲಿಂಗ್ ಇಬ್ಬರಿಗೂ ಸಮನಾಗಿ ಬಂತು. ಕನ್ನಡ ಅವನ ತಟ್ಟೆಗೆ ಮಾತ್ರ ಹೋಯಿತು.

ತಿಂದು ಮುಗಿದ ಮೇಲೆ ಒಬ್ಬೊಬ್ಬರ ಮುಂದೂ ಒಂದು ಸಣ್ಣ ಬಟ್ಟಲು ಇಟ್ಟರು. ಅದರಲ್ಲಿ ಬಿಸಿಯಾದ, ತುಸು ಮಸುಕಾದ ನೀರು. ಮುಂಬೈಯಲ್ಲಿ ನಮ್ಮ ಊರವರು ನಡೆಸುವ ಹೋಟೆಲುಗಳಲ್ಲಿ ಕೋಳಿ, ಮೀನು ತಿಂದ ಮೇಲೆ ಇಂಥ ಬಟ್ಟಲು ಬಂದರೆ ಅದು ಕೈ ತೊಳೆಯುವುದಕ್ಕೆ. ನಿಂಬೆಹೋಳು ಹಾಕಲು ಮರೆತಿದ್ದಾರೆ ಎಂದುಕೊಂಡು ಬೆರಳು ಅದ್ದಿದೆ. ವಿಚಾರಿಸದೆ ಏನನ್ನೂ ಬರೆಯಬೇಡಿ ಎಂದು ಡೆಸ್ಕಿನ ಕಿರಿಯರಿಗೆ ದಿನವೂ ಹೇಳುವವನು ನಾನು.

"ಅಯ್ಯ ಪಪ್ಪಾ, ಅದು ಕುಡಿಯೋ ನೀರ್ರಿ. ಕೈ ತಗೀರಿ."

ಹೇಳಿದವಳು ಮಗಳು. ಹೇಳಿದ್ದು ನನಗೆ. ನಾನು ಬೆರಳು ತೆಗೆಯುವುದನ್ನೂ ಮರೆತು ಅವಳ ಮುಖ ನೋಡಿದೆ.

ಹೋಟೆಲಿನ ಒಡತಿ ಬಂದು ಹಿಂದಿಯಲ್ಲಿ ವಿವರಿಸಿದರು. ಅದು ಡಂಪ್ಲಿಂಗ್ ಬೆಂದ ನೀರು. ಆ ಕಡೆಯವರು ತಿಂದಾದ ಮೇಲೆ ಅದನ್ನೇ ಕುಡಿಯುತ್ತಾರಂತೆ.

"ಗಂಜಿ ತಿಳಿ ಕುಡಿದು ಬೆಳೆದವರಿಗೆ ಇದೊಂದು ಗೊತ್ತಾಗ್ಲಿಲ್ವಾ?" ಹೆಂಡತಿ ತನ್ನ ಬಟ್ಟಲು ಎತ್ತಿಕೊಂಡಳು.

"ನಮ್ಮ ಕಡೀನೂ ಹೋಳಿಗಿ ಬ್ಯಾಳಿ ಕುದಿಸಿದ ನೀರು ಚೆಲ್ಲಂಗಿಲ್ರಿ, ಕಟ್ಟಿನ ಸಾರು ಮಾಡ್ತಾರ," ಎನ್ನುತ್ತ ಹುಡುಗ ತನ್ನ ಬಟ್ಟಲನ್ನು ನನ್ನ ಕಡೆ ಸರಿಸಿದ. "ಇದು ತಗೋರಿ ಕಾಕಾ. ನಾ ಇನ್ನೂ ಮುಟ್ಟಿಲ್ಲ."

ಆ ಒಳ್ಳೆಯತನವೂ ನನಗೆ ಹಿಡಿಸಲಿಲ್ಲ. ಕುಡಿದೆ. ಉಪ್ಪಿರಲಿಲ್ಲ, ಹಿಟ್ಟಿನ ಸಣ್ಣ ಸಿಹಿ ಇತ್ತು. ಎಲ್ಲರೂ ನನ್ನನ್ನೇ ನೋಡುತ್ತಿದ್ದರು.

"ಛಲೋ ಅದ," ಎಂದೆ. ವರದಿಗಳಲ್ಲಿ ಕಂಡಾಗಲೆಲ್ಲ ಹೊಡೆದು ಹಾಕಿ "ಚೆನ್ನಾಗಿದೆ" ಎಂದು ಬರೆದ ಮಾತು ಅದು.

ಮಗಳು ಮುಖ ಮುಚ್ಚಿಕೊಂಡು ನಕ್ಕಳು. "ಪಪ್ಪಾ, ನೀವು ಹಂಗ ಮಾತಾಡಬ್ಯಾಡ್ರಿ. ನಿಮಗ ಬರಂಗಿಲ್ಲ."

ಹೊರಗೆ ಬಂದ ಮೇಲೆ ಹುಡುಗ ಬೈಕು ಹತ್ತಿ ಕಲ್ಯಾಣದ ಕಡೆ ಹೋದ. ನಾವು ಮೂವರು ಸ್ಟೇಷನ್ನಿಗೆ ಆಟೋ ಹಿಡಿದೆವು. ರಾತ್ರಿಗೆ ಏನು ಅಡುಗೆ ಮಾಡೋಣ ಎಂದು ಮಗಳನ್ನು ಕೇಳಿದೆ. ಕೇಳಬೇಕಾದ್ದೇನೂ ಇರಲಿಲ್ಲ, ಉತ್ತರ ಯಾವ ಭಾಷೆಯಲ್ಲಿ ಬರುತ್ತದೆಂದು ನೋಡಬೇಕಿತ್ತು.

"ಕುಛ್ ಭೀ ಚಲೇಗಾ, ಪಪ್ಪಾ."

ಫೋನು ತೆಗೆದು ಹುಡುಗನಿಗೆ, ಮುಂದಿನ ಭಾನುವಾರ ನಮ್ಮ ಮನೆಗೆ ಊಟಕ್ಕೆ ಬಾ ಎಂದು ಮೆಸೇಜು ಹಾಕಿದೆ. ಪಕ್ಕದಿಂದ ಅದನ್ನು ಓದಿದ ಹೆಂಡತಿ, "ಅಂತೂ ಮನಸ್ಸು ಕರಗಿತು" ಎಂದಳು.

ಕರಗಿರಲಿಲ್ಲ. ಅವನು ಎದುರಿಗೆ ಕೂತಿದ್ದರೆ ನನಗೂ ಒಂದೆರಡು ಕನ್ನಡದ ಮಾತು ಸಿಗುತ್ತದೆ, ಅಷ್ಟೆ.