ಒಂದು ಫೈಲು, ಎರಡು ಧ್ವನಿ

ಬೆಳಿಗ್ಗೆ ಸೋದರತ್ತೆ ಚಪ್ಪಲಿಯನ್ನು ಎಡಬಲ ತಪ್ಪಿಸಿ ಮೆಟ್ಟಿಕೊಂಡೇ ಶಹಾಪುರದ ಸ್ಟುಡಿಯೋಗೆ ಹೊರಟರು. ಗೆಳೆಯರೇ, ಈ ಪೋಸ್ಟನ್ನು ಮನೆಯವರಿಗೆ ಕಾಣದಂತೆ ಹಾಕಿದ್ದೇನೆ.

ಜೊತೆಗೆ ನಾನೂ, ಈಚೆಗೆ ಅಣ್ಣನನ್ನು ಮದುವೆಯಾಗಿ ಬಂದ ವೈನಿಯೂ. ಅವರ ಮದುವೆ ವಿಡಿಯೋದಲ್ಲಿ ಅಜ್ಜಿ ಸೋಬಾನ ಹಾಡುವ ಕಡೆ ಸಿನಿಮಾ ಸಂಗೀತ ಕೇಳುತ್ತಿತ್ತು. ಮದುವೆಯಾದ ಮೇಲೆ ಲಕ್ವ ಹೊಡೆದು ಈಗ ಅಜ್ಜಿಗೆ ಮಾತೇ ಇಲ್ಲ.

“ನಮ್ಮವ್ವನ ದನಿ ಅಳಿಸಿಬಿಟ್ಟೀಯಲ್ಲಪಾ,” ಎಂದರು ಅತ್ತೆ.

“ಅಳಿಸಿಲ್ರಿ ಅಕ್ಕಾರ,” ಎಂದ ಸ್ಟುಡಿಯೋದವನು. “ಇದು ಎಂಕೆವಿ ಫೈಲ್. ಒಂದ ಡಬ್ಬ್ಯಾಗ ಚಿತ್ರ ಒಂದು, ಧ್ವನಿ ಎರಡ ಇಟ್ಟೀನಿ: ಮೊದಲಿನ್ದು ಸಂಗೀತ, ಎರಡನೇದು ಅವತ್ತ ಕ್ಯಾಮೆರಾದಾಗ ರೆಕಾರ್ಡ್ ಆದದ್ದು. ಟಿವ್ಯಾಗ ಮೊದಲಿನ್ದಷ್ಟ ಬರ್ತದ.”

“ಸುಳ್ಳ ಹೇಳಬ್ಯಾಡ. ಡಬ್ಬಿ ಅಂತ, ಡಬ್ಬಿ.”

ಅವನು ಇಯರ್‌ಫೋನನ್ನು ನನಗೆ ಕೊಟ್ಟು ಎರಡನೆಯ ಧ್ವನಿ ಹಚ್ಚಿದ. “ನೀವರ ಕೇಳ್ರಿ, ಓದಿದವರಿದ್ದೀರಿ.”

ಅಜ್ಜಿಯ ಹಾಡು ಪೂರ್ತಿ ಇತ್ತು. ಅದರ ಮೇಲೆಯೇ, ಕ್ಯಾಮೆರಾದ ತೀರ ಹತ್ತಿರದಿಂದ, ಅತ್ತೆಯ ಪಿಸುಮಾತು: “ಹುಡುಗಿ ನಕ್ಕರ ಬರೇ ಹಲ್ಲ ಕಾಣ್ತಾವ. ನಮ್ಮ ಹುಡುಗಗ ಬ್ಯಾರೆ ಯಾರೂ ಸಿಗಲಿಲ್ಲೇನು?”

ವೈನಿ ನನ್ನ ಭುಜಕ್ಕೆ ತಾಗಿಯೇ ನಿಂತಿದ್ದರು. ಹಾಡು ಇಲ್ಲವೆಂದು ನಾನು ಹೇಳಿದರೆ ಸ್ಟುಡಿಯೋದವನು ಸುಳ್ಳುಗಾರನಾಗುತ್ತಿದ್ದ.

“ಹಾಡು ಅದ, ಅತ್ತಿ,” ಎಂದೆ.

“ಹಂಗಾದ್ರ ಸ್ಪೀಕರಿಗೆ ಹಚ್ಚಸು. ಸೊಸಿನೂ ಕೇಳ್ಲಿ.”

ಇಯರ್‌ಫೋನಿನ ಎರಡೂ ತುದಿಗಳನ್ನು ಮೊದಲು ಅತ್ತೆಯ ಕಿವಿಗೇ ಸಿಕ್ಕಿಸುವುದೆಂದು ನಿರ್ಧರಿಸಿದೆ. ಆಮೇಲೂ ಸ್ಪೀಕರು ಬೇಕೆಂದರೆ ಅವರೇ ಹೇಳಲಿ.