ಹೋಗಿ ಬಾ ಅಂದ ಮಾತು

ಪ್ಲೇಗಿನ ಕಾಲದಲ್ಲಿ ಮನೆಯಲ್ಲಿ ಇಲಿ ಸತ್ತು ಬಿತ್ತೆಂದರೆ ಹುಬ್ಬಳ್ಳಿ ಬಿಡಬೇಕು. ಆ ವರ್ಷ ನಾವೂ ಗಬ್ಬೂರಿನ ಹತ್ತಿರದ ಹೊಲದಲ್ಲಿ ಗುಡಿಸಲು ಹಾಕಿದೆವು. ಓಣಿಯವರ ಗಿಳಿ, ಬೆಕ್ಕು, ಉಪ್ಪಿನಕಾಯಿ ಭರಣಿ ಎಲ್ಲವೂ ಗಾಡಿ ಏರಿದವು. ಕಟ್ಟೆಯ ಮೇಲೆ ಬಿದ್ದಿರುತ್ತಿದ್ದ ಹುಚ್ಚಿಯನ್ನು ಮಾತ್ರ ಯಾರೂ ಕರೆಯಲಿಲ್ಲ. ಅವ್ವ ನನ್ನನ್ನು ಗಾಡಿಯಿಂದ ಇಳಿಸಿ ಅವಳನ್ನು ಹತ್ತಿಸಿದಳು. ನಾನು ಗೊಣಗುತ್ತ ಹಿಂದೆ ನಡೆದೆ.

"ಪ್ಲೇಗು ಸಾಲ್ದಂತ ಇಕೀನ ಬ್ಯಾರೆ ತಂದೀರೇನ್ರಿ?" ಎಂದರು ಪಕ್ಕದ ಗುಡಿಸಲಿನವರು.

"ನಿಮ್ಮ ಮನಿ ರೊಟ್ಟಿ ತಿನ್ನಾಕತ್ತಿಲ್ಲಲ್ಲ, ಸುಮ್ನಿರ್ರಿ" ಎಂದಳು ಅವ್ವ.

ಹುಚ್ಚಿ ಮೊದಮೊದಲು ಚೀರುತ್ತಿದ್ದಳು, ಉಟ್ಟಿದ್ದನ್ನೇ ಹರಿದುಕೊಳ್ಳುತ್ತಿದ್ದಳು. ಅವ್ವ ಮೈಗೆ ನೀರು ಹಾಕಿದಳು, ಜಡೆಗಟ್ಟಿದ ಕೂದಲು ಕತ್ತರಿಸಿದಳು. ಒಂದು ಮುಂಜಾನೆ ಅವಳು ಅವ್ವನ ರಾಟಿಯ ಮುಂದೆ ತಾನೇ ಹೋಗಿ ಕುಳಿತು ನೂಲತೊಡಗಿದಳು. ಎಳೆ ಹರಿಯಲೇ ಇಲ್ಲ.

"ಯಾರು ಕಲಿಸಿದ್ರು, ತಂಗಿ?" ಎಂದಳು ಅವ್ವ.

"ನಮ್ಮವ್ವ. ಗರಗದಾಗ."

ಅವಳ ಬಾಯಿಂದ ನೆಟ್ಟಗೆ ಬಂದ ಮೊದಲ ಮಾತು ಅದು. ಆಮೇಲೆ ದಿನಾ ನೂತಳು, ಸಂಜೆಗೆ ತಾನೇ ಒಲೆ ಹೊತ್ತಿಸಿದಳು. ಹುಚ್ಚಿ ಎನ್ನುತ್ತಿದ್ದ ನಾವು ಚಿಗವ್ವ ಎನ್ನತೊಡಗಿದೆವು.

ಗರಗಕ್ಕೆ ಸುದ್ದಿ ಮುಟ್ಟಿ ಅವಳ ಅಣ್ಣ ಬಂದ, ತಂಗಿಯನ್ನು ತಬ್ಬಿ ಅತ್ತ. ಅವ್ವ ಉಡಿ ತುಂಬಿ, "ಹೋಗಿ ಬಾ" ಎಂದಳು. ನಮ್ಮಲ್ಲಿ ಬರೀ "ಹೋಗು" ಎನ್ನಬಾರದು, ಅಪಶಕುನ. ಮತ್ತೆಂದೂ ಬಾರದವರಿಗೂ ಹಾಗೇ ಹೇಳುತ್ತೇವೆ.

ಬೇನೆ ಇಳಿಯಿತು. ಗುಡಿಸಲು ಕಿತ್ತು ನಾವು ಊರಿಗೆ ಮರಳಿದೆವು. ಮಳೆ ಹಿಡಿದ ಮೇಲೆ ಆ ಅಣ್ಣ ನಮ್ಮ ಬಾಗಿಲಿಗೆ ಬಂದು ನಿಂತ.

"ಅಕ್ಕಾರು ಬಾ ಅಂದಾರ, ಹೋಗ್ಬೇಕು ಅಂತ ದಿನಾ ಅಂತಿದ್ಲರಿ. ನಾವು ನಕ್ಕು ಸುಮ್ನಾದ್ವಿ. ಇಲ್ಲಿಗೆ ಬಂದಾಳೇನ್ರಿ?"

ಅವಳ ಪಾಲಿಗೆ ನಮ್ಮ ಮನೆ ಎಂದರೆ ಆ ಗುಡಿಸಲೇ. ಅವ್ವ ಹೊಲದ ಕಡೆ ಓಡಿದಳು. ಹಿಂದೆ ನಾವೂ ಓಡಿದೆವು. ನಮ್ಮ ಗುಡಿಸಲಿದ್ದ ಜಾಗವನ್ನು ಗುಡಿಸಿ, ಚದುರಿದ್ದ ಒಲೆಗಲ್ಲುಗಳನ್ನು ಮತ್ತೆ ಹೂಡಿ, ಒಲೆಯ ಪಕ್ಕ ಚಿಗವ್ವ ಮಲಗಿದ್ದಳು. ಮೈ ತಣ್ಣಗಾಗಿತ್ತು. ನೂಲಿನ ಲಡಿಯೊಂದು ನೆನೆಯದಂತೆ ಸೆರಗಿನೊಳಗೆ ಸುತ್ತಿಟ್ಟುಕೊಂಡಿದ್ದಳು. ಅದು ಅವ್ವನಿಗೆ ತಂದದ್ದೇ ಇರಬೇಕು.

ಅವ್ವ ಮುಂದೆ "ಹೋಗಿ ಬಾ" ಎಂಬ ಮಾತನ್ನು ಯಾರಿಗೂ ಆಡಲಿಲ್ಲ. ಮದುವೆಯಾಗಿ ನಾನು ಹೆಬ್ಬಳ್ಳಿಗೆ ಹೊರಟ ದಿನ ಓಣಿಗೆ ಓಣಿಯೇ "ಹೋಗಿ ಬಾ" ಎಂದಿತು. ಅವ್ವ ಮಾತ್ರ ನನ್ನ ಕೈ ಗಟ್ಟಿಯಾಗಿ ಹಿಡಿದು, "ನಾವು ಇದೇ ಮನ್ಯಾಗ ಇರ್ತೇವಿ ಮಗಳ, ಇಲ್ಲೇ ಬಾ" ಎಂದಳು.