ಮಾಳಿಂಗರಾಯರ ಒಲೆಯ ಬೂದಿ

ರೊಟ್ಟಿ ಬಡಿದು ಮುಗಿಸಿದ್ದೆ. ನನ್ನ ಗಂಡ ಅದೇ ಒಲೆಯ ಮೇಲೆ ಸೀಸ ಕರಗಿಸಲು ಕೂತರು. ಗುಜರಿ ಅಂಗಡಿಯಿಂದ ತಂದ ಹಳೆಯ ಬ್ಯಾಟರಿಯ ಸೀಸ. ಮೀನಿನ ಬಲೆಯ ಅಂಚಿಗೆ ಕಟ್ಟುವ ಗುಂಡು ಮಾಡುತ್ತಿದ್ದರು. ಕಬ್ಬಿಣದ ಸೌಟಿನಲ್ಲಿ ಅದು ಕರಗಿ, ಬೆಳಗಿನ ಹಿನ್ನೀರಿನ ಹಾಗೆ ನಡುಗುತ್ತ ಹೊಳೆಯಿತು.

"ನೋಡು, ಬೆಳ್ಳಿ ಇದ್ದಂಗ ಕಾಣ್ತೈತಿ," ಅಂದರು.

"ಬೆಳ್ಳಿ ಕಾಲುಂಗರ ಕೊಡಸ್ರಿ ಅಂದ್ರ ಸೀಸಾ ತೋರಸ್ತೀರಲ್ಲ."

ನಕ್ಕರು. ಅಷ್ಟರಲ್ಲಿ ಪಕ್ಕದ ಮನೆಯ ಬನಶಂಕರಿ ಡಬ್ಬಿ ಹಿಡಿದು ಬಂದಳು. "ಮಾಳಿಂಗಣ್ಣ, ಬೂದಿ ಐತೇನೋ? ನಿಮ್ಮ ಬೂದೀಲೆ ತಿಕ್ಕಿದ್ರ ತಂಬಿಗಿ ಫಳಫಳ ಅಂತಾವ."

ಬೂದಿ ಜರಡಿ ಹಿಡಿದು ಕೊಡುವುದು ನನ್ನ ಕೆಲಸ. ಓಣಿಯ ಏಳು ಮನೆಗೆ ಕೊಡುತ್ತಿದ್ದೆ. ಅವತ್ತೂ ಕೊಟ್ಟೆ.

ಮರುದಿನ ನೀರಿನ ನಡುವೆ ಹರಿಗೋಲಿನಲ್ಲೇ ಅವರಿಗೆ ಎದೆನೋವು ಬಂತು. ಜೊತೆಯವರು ದಡಕ್ಕೆ ತಂದಾಗ ಜೀವ ಇರಲಿಲ್ಲ.

ಅವರು ಹುಟ್ಟಾ ಮೀನುಗಾರರಲ್ಲ. ಕುರಿ ಕಾಯ್ದವರು. ಹಳೆ ಬಾಗಲಕೋಟೆಯ ಕೆಳಗಿನ ಹೊಲ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿದ ಮೇಲೆ, ನಲವತ್ತರ ವಯಸ್ಸಿನಲ್ಲಿ ಬಲೆ ಬೀಸಲು ಕಲಿತರು. ಈಜು ಬರುತ್ತಿರಲಿಲ್ಲ. ನೀರಿನ ಮೇಲೆ ಕೂತು, "ಇಲ್ಲೇ ಕೆಳಗ ನಮ್ಮ ಬೇವಿನ ಗಿಡ ಐತಿ," ಅನ್ನುತ್ತಿದ್ದರಂತೆ. ಅವರು ಹೋದ ಮೇಲೆ ನನಗೂ ಹಾಗೇ ಆಯಿತು. ಅಂಗಳದಲ್ಲಿ ಬಿಸಿಲು ಬಿದ್ದರೆ ನೀರು ಬಂದಂತೆ ಕಾಣುತ್ತಿತ್ತು. ಆ ನೀರಿನಲ್ಲಿ ಅವರು ಬೇವಿನ ನೆರಳಿಗೆ ಕುರಿ ಬಿಟ್ಟು ಕೂತಿರುತ್ತಿದ್ದರು. ನಾನು ಕರೆಯುತ್ತಿರಲಿಲ್ಲ. ಕರೆದರೆ ಎದ್ದು ಹೋಗುತ್ತಾರೆ ಅನ್ನಿಸುತ್ತಿತ್ತು.

ಎಂಟು ತಿಂಗಳಿಗೆ ಬನಶಂಕರಿಯ ಮಗಳು ಲಲಿತಾ ಹೊಟ್ಟೆನೋವು ಅಂತ ಮಲಗಿದಳು. ಐದು ವರ್ಷದ ಹುಡುಗಿ. ಮುಖ ಬಿಳಿಚಿತ್ತು. ರಕ್ತದಲ್ಲಿ ಸೀಸ ಇದೆ ಅಂದರು ದವಾಖಾನೆಯಲ್ಲಿ. ಆಶಾ ಕಾರ್ಯಕರ್ತೆ ನೇತ್ರಾ ಓಣಿಯ ಹೆಂಗಸರನ್ನು ಕೂಡಿಸಿ, ಎಲ್ಲ ಮಕ್ಕಳ ರಕ್ತ ಪರೀಕ್ಷೆಗೆ ಕೊಡಿಸಿದಳು. ಏಳು ಮನೆಯ ಮಕ್ಕಳಲ್ಲೂ ಸೀಸ. ಬಾಗಿಲ ಬಣ್ಣ ಕೆರೆದು ನೋಡಿದರು. ನಳದ ನೀರು, ಅರಿಶಿನ, ಕಾಡಿಗೆ, ಎಲ್ಲ ಪರೀಕ್ಷೆಗೆ ಕಳಿಸಿದರು. ಯಾವುದರಲ್ಲೂ ಇರಲಿಲ್ಲ.

ಒಂದು ಮಧ್ಯಾಹ್ನ ಕಟ್ಟೆಯ ಮೇಲೆ ಎಲ್ಲರೂ ಸೇರಿದರು.

"ಯಾರರೆ ಮನ್ಯಾಗ ಸೀಸಾ ಕರಗಸ್ತಿದ್ರೇನ್ರಿ?" ನೇತ್ರಾ ಕೇಳಿದಳು.

"ಮಾಳಿಂಗಣ್ಣ ಒಬ್ಬಾಂವ," ಅಂದಳು ಬನಶಂಕರಿ. "ಅಂವ ತನ್ನ ಮನ್ಯಾಗ ಕರಗಸ್ತಿದ್ದ. ನಮ್ಮ ಮನಿಗೆ ಹೆಂಗ ಬರ್ತೈತಿ? ಸತ್ತಾಂವನ ಮ್ಯಾಲೆ ಹಾಕಬ್ಯಾಡ್ರಿ."

ನನಗೆ ತಿಳಿದುಹೋಯಿತು. ಸೌಟಿನಲ್ಲಿ ಕರಗಿದ ಸೀಸದ ಮೇಲೆ ಕಟ್ಟುತ್ತಿದ್ದ ಕೆನೆಯನ್ನು ಅವರು ಒಲೆಗೇ ಒದರುತ್ತಿದ್ದರು. ಸುಮ್ಮನಿದ್ದರೆ ಅವರ ಹೆಸರು ಉಳಿಯುತ್ತಿತ್ತು. ಆದರೆ ಅವರು ಹೋದ ಮೇಲೂ ನಾನು ಕೊಡುತ್ತ ಬಂದಿದ್ದ ಆ ಒಲೆಯ ಬೂದಿ ಎಲ್ಲರ ಬಚ್ಚಲಲ್ಲಿ ಇನ್ನೂ ಇತ್ತು. ಅವತ್ತು ಬೆಳಿಗ್ಗೆಯೂ ಅದರಲ್ಲೇ ತಟ್ಟೆ ತಿಕ್ಕಿದ್ದರು.

ಮದುವೆಯಾದಾಗಿನಿಂದ ಗಂಡನ ಹೆಸರು ನನ್ನ ಬಾಯಲ್ಲಿ ಬಂದಿರಲಿಲ್ಲ. ಅವತ್ತು ಬಂತು.

"ಮಾಳಿಂಗರಾಯರು ಸೀಸಾ ಕರಗಿಸಿದ ಒಲಿ ಬೂದಿನ ನಾ ನಿಮಗೆಲ್ಲ ಕೊಟ್ಟೇನಿ."

ಬನಶಂಕರಿ ನನ್ನನ್ನೇ ನೋಡಿದಳು. "ನಿನ್ನ ಕೈಯಾರೆ ಕೊಟ್ಟೆಲ್ಲೇ, ಸೋಮವ್ವಕ್ಕ," ಅಂದಳು.

ಏಳು ಮನೆಯವರೂ ಡಬ್ಬಿ ತಂದು ಇಟ್ಟರು. ಪರೀಕ್ಷೆಯಲ್ಲಿ ಬೂದಿಯಲ್ಲೇ ಸೀಸ ಸಿಕ್ಕಿತು. ಚೀಲಕ್ಕೆ ತುಂಬಿ, ಬಾಯಿ ಹೊಲಿದು ಒಯ್ದರು. ಬಲೆ ಇರುವವರೆಲ್ಲ ಸುಟ್ಟ ಮಣ್ಣಿನ ಗುಂಡು ಕಟ್ಟಿದರು. ನನ್ನ ಒಲೆಯನ್ನು ಹೆಂಗಸರೇ ಕಿತ್ತರು. ಒಣ ಕಸಬರಿಗೆ ಆಡಿಸಬೇಡಿ, ಧೂಳು ಎದ್ದು ಮಕ್ಕಳ ಬಾಯಿಗೆ ಹೋಗುತ್ತದೆ, ಒದ್ದೆ ಬಟ್ಟೆಯಲ್ಲಿ ಒರೆಸಿ ಅಂದಳು ನೇತ್ರಾ. ಲಲಿತಾಳ ರಕ್ತದಲ್ಲಿ ಸೀಸ ಇಳಿಯುತ್ತಿದೆ. ಇನ್ನೂ ಪೂರ್ತಿ ಹೋಗಿಲ್ಲ.

ಬನಶಂಕರಿ ನನ್ನ ಜೊತೆ ಮಾತಾಡುವುದಿಲ್ಲ. ಆದರೆ ಬೆಳಗಾಗುತ್ತಲೇ ಬಾಗಿಲು ತೆಗೆದಿಟ್ಟಿರುತ್ತಾಳೆ. ನಾನು ಬಕೆಟ್ ಹಿಡಿದು ಹೋಗುತ್ತೇನೆ. ಹುಡುಗಿ ಏಳುವ ಮೊದಲು ಬಚ್ಚಲು, ಪಡಸಾಲೆ, ಹೊಸ್ತಿಲು ಒರೆಸುತ್ತೇನೆ. ನೀರು ಬದಲಿಸಿ, ಇನ್ನೊಂದು ಸಲ ಒರೆಸುತ್ತೇನೆ.